ಮಾಸಿನ ಜೀವಕೋಶಗಳು ರಕ್ತನಾಳ ಬೆಳೆಸುತ್ತವೆ ಎನ್ನುತ್ತೇವೆ, ಯಾರ ರಕ್ತನಾಳ?

ಪ್ರಶ್ನೆ: ಪಿಯು_ಜೀವಶಾಸ್ತ್ರ

ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಮಾನವ ಸಂತಾನೋತ್ಪತ್ತಿಯ ಅಧ್ಯಾಯದಲ್ಲಿ ಜರಾಯುವಿನ ಬಗ್ಗೆ, ಅಂದರೆ ನಮ್ಮ ಮನೆಮಾತಿನ ಮಾಸಿನ ಬಗ್ಗೆ, ಇರುವುದು ಕೆಲವೇ ಸಾಲುಗಳು: ಭ್ರೂಣದ ಹೊರಪದರವಾದ ಟ್ರೋಫೋಬ್ಲಾಸ್ಟ್‌ನಿಂದ ಬೆರಳಿನಂಥ ವಿಲ್ಲೈಗಳು ಹೊರಡುತ್ತವೆ, ಅವು ಗರ್ಭಕೋಶದ ಅಂಗಾಂಶದೊಡನೆ ಹೆಣೆದುಕೊಳ್ಳುತ್ತವೆ, ಆ ಮೂಲಕ ಆಮ್ಲಜನಕ ಮತ್ತು ಪೋಷಕಾಂಶಗಳು ಮಗುವಿಗೆ ತಲುಪುತ್ತವೆ. ಕಳೆದ ವಾರ ಇದನ್ನು ವಿವರಿಸುತ್ತ, ಮಾಸು ಬೆಳೆದಂತೆಲ್ಲ ಅಲ್ಲಿ ಹೊಸ ರಕ್ತನಾಳಗಳು ಹುಟ್ಟಿಕೊಳ್ಳುತ್ತವೆ ಎಂದು ನಾನೇ ಒಂದು ವಾಕ್ಯ ಸೇರಿಸಿದೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, “ಯಾರ ರಕ್ತನಾಳ ಮೇಡಂ, ತಾಯಿಯದೋ ಮಗುವಿನದೋ?” ಎಂದು ಕೇಳಿದಳು. ಎರಡೂ ಎಂದು ಹೇಳಿ ಮುಂದಿನ ಪುಟಕ್ಕೆ ಹೋದೆ. ಮನೆಗೆ ಬಂದ ಮೇಲೆ ಆ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ.

ಕೇಳಲು ಇನ್ನೊಂದು ಕಾರಣವೂ ಇದೆ. ನನ್ನ ತಂಗಿ ಈಗ 13 ವಾರದ ಗರ್ಭಿಣಿ. ಸ್ಕ್ಯಾನಿಂಗ್ ವೇಳೆ ಡಾಪ್ಲರ್ ಪರೀಕ್ಷೆಯಲ್ಲಿ ಗರ್ಭಕೋಶದ ಅಪಧಮನಿಗಳಲ್ಲಿ ರಕ್ತದ ಹರಿವಿಗೆ ತಡೆ ಹೆಚ್ಚಿದೆ ಎಂದು ಬಂದಿದ್ದು, ದಿನವೂ ರಾತ್ರಿ ಮಲಗುವ ಮುನ್ನ 150 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಳ್ಳಲು ವೈದ್ಯರು ಹೇಳಿದ್ದಾರೆ. “ಮಾಸು ಸರಿಯಾಗಿ ಬೇರು ಬಿಡದಿರುವ ಸಾಧ್ಯತೆ ಇದೆ, ಮುನ್ನೆಚ್ಚರಿಕೆಗೆ ಕೊಡುತ್ತಿದ್ದೇನೆ” ಎಂಬುದಷ್ಟೇ ಅವರ ವಿವರಣೆ. ತಲೆನೋವಿನ ಮಾತ್ರೆಗೂ ಮಾಸಿನ ಬೇರಿಗೂ ಏನು ಸಂಬಂಧ, ಮಾಸಿನ ಜೀವಕೋಶಗಳು ರಕ್ತನಾಳಗಳಿಗೆ ನಿಜವಾಗಿ ಏನು ಮಾಡುತ್ತವೆ ಎಂಬುದನ್ನು ಬಲ್ಲವರು ಸ್ವಲ್ಪ ಬಿಡಿಸಿ ಹೇಳಬೇಕೆಂದು ಕೋರುತ್ತೇನೆ. ಪಾಠಪುಸ್ತಕದ ಮಟ್ಟಕ್ಕಿಂತ ಒಂದು ಮೆಟ್ಟಿಲು ಮೇಲಿದ್ದರೂ ಪರವಾಗಿಲ್ಲ.

ಉತ್ತರ 1: ಸ್ಲೈಡು_ನೋಡುವವಳು

ನಿಮ್ಮ ವಿದ್ಯಾರ್ಥಿನಿ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾಳೆ. ನಾನು ರೋಗಶಾಸ್ತ್ರ ವಿಭಾಗದಲ್ಲಿ ಮಾಸಿನ ಸ್ಲೈಡುಗಳನ್ನು ನೋಡುವ ಕೆಲಸದಲ್ಲಿದ್ದೇನೆ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಕೂಡ ತಾಯಿಯ ಬದಿಯನ್ನೂ ಮಗುವಿನ ಬದಿಯನ್ನೂ ಕಲಸಿಬಿಡುತ್ತಾರೆ. ಮಗುವಿನ ಬದಿಯಲ್ಲಿ ಮಾಸಿನ ಜೀವಕೋಶಗಳು ಹೊಸ ರಕ್ತನಾಳಗಳನ್ನು ಕಟ್ಟಿಸುತ್ತವೆ. ತಾಯಿಯ ಬದಿಯಲ್ಲಿ ಅವು ಮುಖ್ಯವಾಗಿ ಮಾಡುವುದು ಇರುವ ನಾಳಗಳ ಗೋಡೆಯನ್ನು ಕೆಡವುವ ಕೆಲಸ.

ಮೊದಲು ತಾಯಿಯ ಬದಿ. ಗರ್ಭಕೋಶದ ಒಳಗೋಡೆಗೆ ರಕ್ತ ತರುವ ಕೊನೆಯ ಕವಲುಗಳು ಬಳ್ಳಿಯ ಎಳೆಯ ಕುಡಿಯಂತೆ ಸುತ್ತಿಕೊಂಡಿರುವುದರಿಂದ ಅವಕ್ಕೆ ಸುರುಳಿ ಅಪಧಮನಿಗಳೆಂದು ಹೆಸರು. ಗರ್ಭವಿಲ್ಲದಾಗ ಇವು ಕಿರಿದಾಗಿ, ಗೋಡೆಯಲ್ಲಿ ಸ್ನಾಯು ತುಂಬಿಕೊಂಡು, ದೇಹ ಹೇಳಿದಾಗ ಬಿಗಿದು ಮುಚ್ಚಿಕೊಳ್ಳಬಲ್ಲವು. ಮುಟ್ಟಿನ ರಕ್ತಸ್ರಾವ ನಿಲ್ಲುವುದಕ್ಕೂ ಇದೇ ಗುಣ ನೆರವಾಗುತ್ತದೆ. ಆದರೆ ಮಗುವಿಗೆ ಅಂಥ ನಾಳ ಬೇಡ, ಎಂದೂ ಮುಚ್ಚದ ನಾಳ ಬೇಕು. ಹಾಗಾಗಿ ವಿಲ್ಲೈಗಳ ತುದಿಯಿಂದ ಹೊರಬಿದ್ದ ಟ್ರೋಫೋಬ್ಲಾಸ್ಟ್ ಜೀವಕೋಶಗಳು ಗರ್ಭಕೋಶದ ಒಳಪದರವಾದ ಡೆಸಿಡುವಾವನ್ನು ದಾಟಿ, ಸ್ನಾಯುಪದರದ ಒಳಗಿನ ಮೂರನೆಯ ಒಂದು ಭಾಗದವರೆಗೂ ಇಳಿದು, ಸುರುಳಿ ಅಪಧಮನಿಗಳ ಗೋಡೆಗೂ ಒಳಗಿನ ಪೊಳ್ಳಿಗೂ ಹೊಕ್ಕುತ್ತವೆ. ಅಲ್ಲಿನ ಸ್ನಾಯು ಮತ್ತು ಹಿಗ್ಗುವ ಎಳೆಗಳು ಕರಗಿ ಆ ಜಾಗದಲ್ಲಿ ಫೈಬ್ರಿನಾಯ್ಡ್ ಎಂಬ ನಿರ್ಜೀವ ವಸ್ತು ತುಂಬಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಇದು ಏಕರೂಪವಾದ ಗಾಢ ಗುಲಾಬಿ ಪಟ್ಟಿಯಾಗಿ ಕಾಣುತ್ತದೆ. ಅದರ ನಡುವೆ ಅಲ್ಲಲ್ಲಿ ದೊಡ್ಡ ಕಪ್ಪು ಕೋಶಕೇಂದ್ರದ ಟ್ರೋಫೋಬ್ಲಾಸ್ಟ್‌ಗಳು, ಹಲಸಿನ ತೊಳೆಯೊಳಗಿನ ಬೀಜಗಳ ಹಾಗೆ, ಹೂತು ಕುಳಿತಿರುತ್ತವೆ. ತಾಯಿಯ ರಕ್ತನಾಳದ ಗೋಡೆಯಲ್ಲಿ ಮಗುವಿನ ಜೀವಕೋಶ! ನೂರಾರು ಸ್ಲೈಡು ನೋಡಿದ ಮೇಲೂ ನನಗೆ ಇದು ಸೋಜಿಗವೇ. ಹೀಗೆ ಹೊಕ್ಕ ಜೀವಕೋಶಗಳು ತಮ್ಮ ಮೇಲ್ಮೈಯ ಅಂಟುಪ್ರೋಟೀನುಗಳನ್ನೂ ಬದಲಿಸಿಕೊಂಡು ರಕ್ತನಾಳದ ಒಳಪದರದ ವೇಷ ಹಾಕುತ್ತವೆ. ಈ ಬದಲಾವಣೆಗಳನ್ನು ಬೆಲ್ಜಿಯಂನ ಈವೋ ಬ್ರೋಸೆನ್ಸ್ ಮತ್ತು ಅವರ ಸಹೋದ್ಯೋಗಿಗಳು 1967ರಲ್ಲೇ ವಿವರವಾಗಿ ದಾಖಲಿಸಿದ್ದರು.

ಪರಿಣಾಮವಾಗಿ ನಾಳದ ಬಾಯಿ ಹಲವು ಪಟ್ಟು ಅಗಲವಾಗಿ ಆಲಿಕೆಯಂತಾಗುತ್ತದೆ. ಇದರಿಂದ ರಕ್ತ ಹೆಚ್ಚು ಬರುತ್ತದೆ ಎಂದಷ್ಟೇ ಬಹಳ ಜನ ತಿಳಿದಿದ್ದಾರೆ. ಅದಕ್ಕಿಂತ ಮುಖ್ಯವಾದುದು ರಕ್ತದ ವೇಗ ತಗ್ಗುವುದು. ಭತ್ತದ ಸಸಿಮಡಿಗೆ ಪಂಪಿನ ಪೈಪನ್ನು ನೇರವಾಗಿ ಬಿಟ್ಟರೆ ಸಸಿ ಕಿತ್ತು ತೇಲಿಹೋಗುತ್ತದೆ, ಅದಕ್ಕೇ ಪೈಪಿನ ಬಾಯಿಗೆ ಗೋಣಿಚೀಲ ಇಟ್ಟು ನೀರನ್ನು ಹರಡುತ್ತಾರೆ. ವಿಲ್ಲೈಗಳೂ ಸಸಿಮಡಿಯಷ್ಟೇ ನಾಜೂಕು. ಕೇಂಬ್ರಿಜ್‌ನ ಗ್ರಹಾಂ ಬರ್ಟನ್ ಮತ್ತು ಸಂಗಡಿಗರು 2009ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಮಾರ್ಪಡದ ಸುರುಳಿ ನಾಳದಿಂದ ರಕ್ತ ಸೆಕೆಂಡಿಗೆ ಒಂದರಿಂದ ಎರಡು ಮೀಟರ್ ವೇಗದಲ್ಲಿ ಚಿಮ್ಮಬಹುದು. ಅಗಲವಾದ ನಾಳದಿಂದಾದರೆ ಸೆಕೆಂಡಿಗೆ ಸುಮಾರು 10 ಸೆಂಟಿಮೀಟರಿನಂತೆ ಹರಿದು ಬರುತ್ತದೆ.

ಇನ್ನು ಮಗುವಿನ ಬದಿ. ಗರ್ಭಧಾರಣೆಯ ಮೂರನೆಯ ವಾರದಲ್ಲಿ, ಹೃದಯ ಇನ್ನೂ ಸರಿಯಾಗಿ ರೂಪುಗೊಳ್ಳದ ಹೊತ್ತಿನಲ್ಲಿ, ವಿಲ್ಲೈಗಳ ತಿರುಳಿನ ಕೆಲವು ಜೀವಕೋಶಗಳು ಸಾಲುಗಟ್ಟಿ ನಿಂತು ರಕ್ತನಾಳಗಳಾಗಲು ತೊಡಗುತ್ತವೆ. ಹಾಗೆ ಆಗಿರೆಂದು ಸಂದೇಶ ಕೊಡುವುದು ಬಹುಮಟ್ಟಿಗೆ ಮೇಲೆ ಹೊದಿಕೆಯಂತಿರುವ ಟ್ರೋಫೋಬ್ಲಾಸ್ಟ್ ಪದರ. ಆ ಸಂದೇಶ ವಿಇಜಿಎಫ್ ಎಂಬ ಪ್ರೋಟೀನು. ತಿರುಳಿನಲ್ಲೇ ಇರುವ ಹಾಫ್‌ಬಾವರ್ ಕೋಶಗಳೆಂಬ ಭಕ್ಷಕ ಕೋಶಗಳೂ ಇದರಲ್ಲಿ ಕೈಜೋಡಿಸುತ್ತವೆ. ಹೀಗೆ ಅಲ್ಲಲ್ಲೇ ಹುಟ್ಟಿದ ನಾಳಗಳು ಒಂದಕ್ಕೊಂದು ಕೂಡಿ, ಹೊಕ್ಕುಳಬಳ್ಳಿಯ ಮೂಲಕ ಮಗುವಿನ ಹೃದಯಕ್ಕೆ ಸೇರಿಕೊಳ್ಳುತ್ತವೆ. ಆರನೆಯ ತಿಂಗಳವರೆಗೆ ನಾಳಗಳು ಹೆಚ್ಚಾಗಿ ಕವಲೊಡೆಯುತ್ತ ಹೋದರೆ, ಆಮೇಲೆ ಕವಲು ಕಡಿಮೆಯಾಗಿ ಉದ್ದಕ್ಕೆ ಬೆಳೆಯುತ್ತವೆ. ನಾಳ ವಿಲ್ಲಸ್ಸಿಗಿಂತ ಬೇಗ ಉದ್ದವಾಗುವುದರಿಂದ ಜಾಗ ಸಾಲದೆ ಮಡಿಚಿಕೊಂಡು, ಪಕ್ಕಕ್ಕೆ ಉಬ್ಬಿ ಹೊರಬರುತ್ತದೆ. ವಿನಿಮಯ ಅತಿ ಹೆಚ್ಚು ನಡೆಯುವ ತುದಿಯ ವಿಲ್ಲೈಗಳು ಆ ಉಬ್ಬುಗಳೇ. ದಿನ ತುಂಬಿದಾಗ ಅರ್ಧ ಕಿಲೋ ತೂಗುವ ಒಂದು ಮಾಸಿನಲ್ಲಿ ಮಗುವಿನ ಲೋಮನಾಳಗಳ ಒಟ್ಟು ಉದ್ದ ಸುಮಾರು 550 ಕಿಲೋಮೀಟರ್ ಎಂಬ ಅಂದಾಜಿದೆ. ಬೆಂಗಳೂರಿನಿಂದ ಬೆಳಗಾವಿಯನ್ನು ದಾಟಿ ಹೋಗುವಷ್ಟು.

ನಿಮ್ಮ ವಿದ್ಯಾರ್ಥಿನಿಗೆ ಹೇಳಿ: ಹೊಸದಾಗಿ ಬೆಳೆಯುವ ನಾಳಗಳು ಬಹುಪಾಲು ಮಗುವಿನವು, ರೂಪ ಕಳೆದುಕೊಳ್ಳುವ ನಾಳಗಳು ತಾಯಿಯವು.

ಉತ್ತರ 2: ಅಣು_ಲೆಕ್ಕ

ಮೇಲಿನ ಉತ್ತರ ಬಹಳ ಸ್ಪಷ್ಟವಾಗಿದೆ. ಅದರಲ್ಲಿ ಒಂದು ಸಂಗತಿ ಉಳಿಯಿತು: ಈ ಎಲ್ಲ ಕೆಲಸದ ಆರಂಭದಲ್ಲಿ ತಾಯಿಯ ರಕ್ತ ವಿಲ್ಲೈಗಳ ಬಳಿಗೆ ಬರುವುದೇ ಇಲ್ಲ. ಮೊದಲ ಹತ್ತು ವಾರಗಳ ತನಕ ಟ್ರೋಫೋಬ್ಲಾಸ್ಟ್‌ಗಳೇ ಸುರುಳಿ ನಾಳಗಳ ಬಾಯಿಗೆ ಬಿರಡೆಯಂತೆ ಗುಂಪುಗೂಡಿ ನಿಂತಿರುತ್ತವೆ. ಪ್ಲಾಸ್ಮಾ ಸೋರಬಹುದು, ಕೆಂಪು ರಕ್ತಕಣಗಳು ಹೆಚ್ಚು ನುಗ್ಗಲಾರವು. ಎಂಟು ವಾರದ ಹೊತ್ತಿಗೆ ವಿಲ್ಲೈಗಳ ಸುತ್ತ ಆಮ್ಲಜನಕದ ಒತ್ತಡ ಪಾದರಸದ 20 ಮಿಲಿಮೀಟರಿನ ಆಸುಪಾಸಿನಲ್ಲಿದ್ದು, ಬಿರಡೆಗಳು ಕರಗಿದ ಮೇಲೆ, ಹನ್ನೆರಡನೆಯ ವಾರದ ವೇಳೆಗೆ, ಸುಮಾರು 60ಕ್ಕೆ ಏರುತ್ತದೆ. ಅಲ್ಲಿಯವರೆಗೆ ಭ್ರೂಣಕ್ಕೆ ಆಹಾರ ಗರ್ಭಕೋಶದ ಗ್ರಂಥಿಗಳ ಸ್ರಾವದಿಂದ. ಅಂಗಾಂಗಗಳು ಮೂಡುವ ಹೊತ್ತಿನಲ್ಲಿ ಹೆಚ್ಚು ಆಮ್ಲಜನಕದಿಂದ ಆಗಬಹುದಾದ ಹಾನಿಯನ್ನು ಇದು ತಪ್ಪಿಸುತ್ತದೆ ಎಂದು ಭಾವಿಸಲಾಗಿದೆ. ಜೊತೆಗೆ ಆಮ್ಲಜನಕದ ಕೊರತೆಯೇ ವಿಇಜಿಎಫ್ ಉತ್ಪಾದನೆಗೆ ಪ್ರಚೋದನೆ ಎಂಬುದನ್ನೂ ಮರೆಯಬಾರದು.

ಈಗ ಅಣುಗಳ ವಿಷಯ. ಟ್ರೋಫೋಬ್ಲಾಸ್ಟ್‌ಗಳು ವಿಇಜಿಎಫ್ ಮಾತ್ರವಲ್ಲದೆ ಅದರ ದಾಯಾದಿಯಾದ ಪಿಎಲ್‌ಜಿಎಫ್ ಅನ್ನೂ ಸ್ರವಿಸುತ್ತವೆ. ಇದನ್ನು 1991ರಲ್ಲಿ ಇಟಲಿಯ ಸಂಶೋಧಕರು ಮಾಸಿನಲ್ಲೇ ಕಂಡುಹಿಡಿದರು, ಹೆಸರಿನಲ್ಲೂ ಮಾಸು ಇದೆ. ಇವೆರಡೂ ರಕ್ತನಾಳದ ಒಳಪದರದ ಮೇಲಿರುವ ಗ್ರಾಹಕಗಳಿಗೆ ಅಂಟಿಕೊಂಡು ಬೆಳೆಯಲು ಹೇಳುತ್ತವೆ. ವಿಚಿತ್ರವೆಂದರೆ, ಅದೇ ಮಾಸು ಅದೇ ಗ್ರಾಹಕದ ಬಾಲ ಕತ್ತರಿಸಿದ ರೂಪವೊಂದನ್ನೂ ತಯಾರಿಸಿ ತಾಯಿಯ ರಕ್ತಕ್ಕೆ ಬಿಡುತ್ತದೆ. ಅದರ ಹೆಸರು ಎಸ್‌ಎಫ್‌ಎಲ್‌ಟಿ-1. ಜೀವಕೋಶಕ್ಕೆ ಅಂಟಿಕೊಂಡಿರದೆ ರಕ್ತದಲ್ಲಿ ತೇಲುವ ಈ ಅಣು, ದಾರಿಯಲ್ಲೇ ವಿಇಜಿಎಫ್ ಮತ್ತು ಪಿಎಲ್‌ಜಿಎಫ್ ಅನ್ನು ಹಿಡಿದುಕೊಂಡುಬಿಡುತ್ತದೆ. ಕಾಗದ ಮನೆ ತಲುಪುವ ಮೊದಲೇ ಯಾರೋ ಬೀದಿಯಲ್ಲಿ ಇಸಿದುಕೊಂಡ ಹಾಗೆ.

ಬಾಸ್ಟನ್‌ನಲ್ಲಿದ್ದ ಭಾರತ ಮೂಲದ ಮೂತ್ರಪಿಂಡ ತಜ್ಞ ಅನಂತ ಕರುಮಂಚಿ ಮತ್ತು ಅವರ ತಂಡ 2003ರಲ್ಲಿ ತೋರಿಸಿದ್ದು ಇದನ್ನೇ: ಬಸುರಿನ ನಂಜು, ಅಂದರೆ ಗರ್ಭಿಣಿಯ ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನು ಹೋಗುವ ಪ್ರಿಎಕ್ಲಾಂಪ್ಸಿಯಾ ಇರುವವರ ಮಾಸಿನಲ್ಲೂ ರಕ್ತದಲ್ಲೂ ಎಸ್‌ಎಫ್‌ಎಲ್‌ಟಿ-1 ಹೆಚ್ಚಾಗಿರುತ್ತದೆ. ಅದನ್ನು ಗರ್ಭಿಣಿ ಇಲಿಗಳಲ್ಲಿ ಹೆಚ್ಚುವಂತೆ ಮಾಡಿದಾಗ ರಕ್ತದೊತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನು ಬಂತು, ಮೂತ್ರಪಿಂಡದ ಲೋಮನಾಳಗಳು ಊದಿಕೊಂಡವು. ಗರ್ಭವಿಲ್ಲದ ಇಲಿಗಳಲ್ಲೂ ಹಾಗೇ ಆಯಿತು. ಇದಕ್ಕೆ ಮನುಷ್ಯರಲ್ಲೇ ಇನ್ನೊಂದು ಕಡೆಯಿಂದ ಸಾಕ್ಷ್ಯವಿದೆ. ಕ್ಯಾನ್ಸರ್ ಗಡ್ಡೆಗಳ ರಕ್ತನಾಳ ತಡೆಯಲು ವಿಇಜಿಎಫ್ ಅನ್ನು ಹಿಡಿದಿಡುವ ಬೆವಾಸಿಝುಮಾಬ್ ಎಂಬ ಔಷಧಿ ಕೊಡುತ್ತಾರೆ. ಅದರ ಗೊತ್ತಿರುವ ಅಡ್ಡಪರಿಣಾಮಗಳೂ ರಕ್ತದೊತ್ತಡ ಏರುವುದು ಮತ್ತು ಮೂತ್ರದಲ್ಲಿ ಪ್ರೋಟೀನು ಹೋಗುವುದೇ. ಒಂದಕ್ಕೊಂದು ಸಂಬಂಧವಿಲ್ಲದ ಬಸಿರು, ಕ್ಯಾನ್ಸರ್ ಚಿಕಿತ್ಸೆ ಎರಡೂ ಕಡೆ ಅದೇ ಲಕ್ಷಣಗಳ ಜೋಡಿ ಕಂಡರೆ, ಕಾರಣವೂ ಒಂದೇ ಇರಬೇಕೆಂದು ಊಹಿಸುವುದು ತಪ್ಪಾಗದು. ಸರಳವಾಗಿ ಹೇಳುವುದಾದರೆ ನಂಜಿಗೆ ಕಾರಣ ಎಸ್‌ಎಫ್‌ಎಲ್‌ಟಿ-1.

ಉತ್ತರ 3: ದನದ_ಡಾಕ್ಟರು

ನಾನು ಪಶುವೈದ್ಯ. ಮನುಷ್ಯರ ವಿಷಯಕ್ಕೆ ತಲೆ ಹಾಕುವುದು ನನ್ನ ಕೆಲಸವಲ್ಲವಾದರೂ, ನಾಳದ ಗೋಡೆ ಕೆಡವುವ ಮಾತು ಬಂದುದರಿಂದ ಒಂದು ಹೋಲಿಕೆ ಕೊಡುತ್ತೇನೆ. ತರಗತಿಯಲ್ಲಿ ಉಪಯೋಗಕ್ಕೆ ಬರಬಹುದು.

ಹಳ್ಳಿಯ ಮಕ್ಕಳು ಹಸುವಿನ ಮಾಸನ್ನು ನೋಡಿಯೇ ಇರುತ್ತಾರೆ. ಕರು ಹಾಕಿದ ಮೇಲೆ ಅದು ಬೀಳುವ ತನಕ ಮನೆಯವರು ಕಾದು ಕೂತು, ಬಿದ್ದುದನ್ನು ಹುಲ್ಲಿನಲ್ಲಿ ಸುತ್ತಿ ಆಲದಂಥ ಹಾಲು ಬರುವ ಮರಕ್ಕೆ ಕಟ್ಟುವ ಪದ್ಧತಿ ನಮ್ಮಲ್ಲಿ ಅನೇಕ ಕಡೆ ಇದೆ. ಅದನ್ನು ಬಿಡಿಸಿ ನೋಡಿದರೆ ಮನುಷ್ಯರ ಮಾಸಿನಂತೆ ಒಂದೇ ತಟ್ಟೆಯಾಗಿರದೆ, ತೆಳು ಪೊರೆಯ ಮೇಲೆ ಕೆಂಪು ಗುಂಡಿಗಳನ್ನು ಹೊಲಿದ ಹಾಗೆ ಕಾಣುತ್ತದೆ. ಒಂದು ಮಾಸಿನಲ್ಲಿ ಇಂಥವು 70ರಿಂದ 120ರವರೆಗೂ ಇರುತ್ತವೆ. ಪ್ರತಿಯೊಂದು ಗುಂಡಿಯೂ ಹಸುವಿನ ಗರ್ಭಕೋಶದಲ್ಲಿ ಎದುರಿಗಿರುವ ಒಂದು ಉಬ್ಬಿಗೆ ಕಚ್ಚಿಕೊಂಡಿರುತ್ತದೆ. ಇಲ್ಲಿ ಟ್ರೋಫೋಬ್ಲಾಸ್ಟ್‌ಗಳು ತಾಯಿಯ ಪದರದೊಡನೆ ಅಲ್ಲಲ್ಲಿ ಬೆಸೆದುಕೊಳ್ಳುತ್ತವೆಯೇ ಹೊರತು ಒಳಗಿಳಿದು ಅಪಧಮನಿಗಳನ್ನು ಒಡೆಯುವುದಿಲ್ಲ. ತಾಯಿಯ ರಕ್ತ ತಾಯಿಯ ಲೋಮನಾಳದೊಳಗೇ ಇರುತ್ತದೆ. ಹಾಗಿದ್ದರೆ ರಕ್ತ ಸಾಲುವುದು ಹೇಗೆ? ಹಸುವಿನ ಬದಿಯ ಉಬ್ಬುಗಳಲ್ಲೂ ರಕ್ತನಾಳಗಳು ನಿಜವಾಗಿಯೇ ಬೆಳೆದು ದಟ್ಟವಾಗುತ್ತವೆ. ನಿಮ್ಮ “ಎರಡೂ” ಎಂಬ ಉತ್ತರ ಹಸುವಿನ ಮಟ್ಟಿಗೆ ಚೆನ್ನಾಗಿ ಹೊಂದುತ್ತದೆ!

ತಾಯಿಯ ರಕ್ತಕ್ಕೂ ಕರುವಿನ ರಕ್ತಕ್ಕೂ ನಡುವೆ ಇಷ್ಟು ಪದರಗಳು ಉಳಿಯುವುದರಿಂದ ರೋಗನಿರೋಧಕ ಪ್ರೋಟೀನುಗಳು ಹೊಟ್ಟೆಯೊಳಗಿರುವಾಗ ಕರುವಿಗೆ ದಾಟುವುದಿಲ್ಲ. ಅದಕ್ಕೇ ಹುಟ್ಟಿದ ಮೊದಲ ಕೆಲವು ಗಂಟೆಗಳೊಳಗೆ ಕರುವಿಗೆ ಗಿಣ್ಣದ ಹಾಲು ಕುಡಿಸಲೇಬೇಕೆಂದು ನಾವು ಹೇಳುವುದು. ಗಿಣ್ಣನ್ನೆಲ್ಲ ಕರೆದು ಬೆಲ್ಲ ಏಲಕ್ಕಿ ಹಾಕಿ ಬೇಯಿಸಲು ಹೊರಡುವವರೊಡನೆ ನನ್ನ ಜಗಳ ಇಂದಿಗೂ ಮುಗಿದಿಲ್ಲ. ಮನುಷ್ಯರಲ್ಲಿ ಆ ಪ್ರೋಟೀನುಗಳು ಮಾಸಿನ ಮೂಲಕವೇ ಮಗುವಿಗೆ ಹೋಗುತ್ತವೆ, ಏಕೆಂದರೆ ಅಲ್ಲಿ ತಾಯಿಯ ರಕ್ತ ನೇರವಾಗಿ ಟ್ರೋಫೋಬ್ಲಾಸ್ಟ್ ಪದರವನ್ನೇ ತೊಳೆಯುತ್ತಿರುತ್ತದೆ.

ಉತ್ತರ 4: ಹೆರಿಗೆ_ವಾರ್ಡಿನಿಂದ

ನಾನು ಪ್ರಸೂತಿ ತಜ್ಞೆ. ಎರಡನೆಯ ಉತ್ತರದ ಕೊನೆಯ ವಾಕ್ಯಕ್ಕೆ ನನ್ನ ತಕರಾರಿದೆ, ಉಳಿದುದಕ್ಕಲ್ಲ. ಎಸ್‌ಎಫ್‌ಎಲ್‌ಟಿ-1 ತಾಯಿಯ ದೇಹದಲ್ಲಿ ಲಕ್ಷಣಗಳನ್ನು ಉಂಟುಮಾಡುವ ದೂತ ಎಂದರೆ ಒಪ್ಪುತ್ತೇನೆ; ಮೂಲ ಕಾರಣ ಎಂದರೆ ಒಪ್ಪುವುದು ಕಷ್ಟ. ಅದನ್ನು ಮಾಸು ಅತಿಯಾಗಿ ಸುರಿಸುವುದು ಮಾಸಿಗೇ ಕಷ್ಟ ಬಂದಾಗ. 34 ವಾರಕ್ಕೂ ಮುಂಚೆ ಕಾಣಿಸಿಕೊಳ್ಳುವ ನಂಜಿನಲ್ಲಿ ಸುರುಳಿ ನಾಳಗಳು ಸರಿಯಾಗಿ ಮಾರ್ಪಡದಿರುವುದು ಸಾಮಾನ್ಯ. ಆದರೆ ದಿನ ತುಂಬುವ ಹೊತ್ತಿಗೆ ಬರುವ ನಂಜಿನಲ್ಲಿ ಅನೇಕರ ನಾಳಗಳು ಚೆನ್ನಾಗಿಯೇ ಇರುತ್ತವೆ; ಅಲ್ಲಿ ತಾಯಿಯ ತೂಕ, ಸಕ್ಕರೆ ಕಾಯಿಲೆ, ಮೊದಲಿನಿಂದಲೂ ಇದ್ದ ರಕ್ತದೊತ್ತಡ, ಅವಳಿ ಗರ್ಭ ಇವೆಲ್ಲ ಸೇರಿಕೊಳ್ಳುತ್ತವೆ. ಏನೇ ಇದ್ದರೂ ನಂಜು ಹುಟ್ಟಲು ಬೇಕಾದುದು ಮಗುವಲ್ಲ, ಮಾಸು ಎಂಬುದಕ್ಕೆ ನಮ್ಮ ವಾರ್ಡಿನಲ್ಲಿ ಸಿಗುವ ಬಲವಾದ ಸಾಕ್ಷಿ ದ್ರಾಕ್ಷಿಗೊಂಚಲಿನ ಗರ್ಭ. ಅದರ ಪೂರ್ಣ ರೂಪದಲ್ಲಿ ಮಗುವೇ ಇರುವುದಿಲ್ಲ, ಊದಿಕೊಂಡ ಮಾಸು ಮಾತ್ರ. ಆದರೂ ನಂಜು ಬರಬಹುದು, 20 ವಾರಕ್ಕೂ ಮುಂಚೆಯೇ ಬರಬಹುದು.

ಮೊದಲ ಉತ್ತರಕ್ಕೂ ಒಂದು ಸೇರ್ಪಡೆ. ಗೋಡೆ ಕೆಡವುವ ಕೆಲಸ ಮಾಸಿನ ಜೀವಕೋಶಗಳದೊಂದೇ ಅಲ್ಲ. ಮೊದಲ ಮೂರು ತಿಂಗಳಲ್ಲಿ ಡೆಸಿಡುವಾದಲ್ಲಿರುವ ತಾಯಿಯ ಬಿಳಿ ರಕ್ತಕಣಗಳ ಪೈಕಿ ಸುಮಾರು 70% ಗರ್ಭಕೋಶದ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳು. ಹೆಸರಿನಲ್ಲಿ ಕೊಲ್ಲುವ ಅರ್ಥವಿದ್ದರೂ ಇವು ಅಲ್ಲಿ ಕೊಲ್ಲುವುದಿಲ್ಲ. ಟ್ರೋಫೋಬ್ಲಾಸ್ಟ್‌ಗಳು ಬರುವ ಮುಂಚೆಯೇ ನಾಳದ ಸ್ನಾಯುವನ್ನು ಸಡಿಲಗೊಳಿಸತೊಡಗುತ್ತವೆ. ಒಳಬರುವ ಜೀವಕೋಶಗಳ ಮೇಲಿನ ಎಚ್‌ಎಲ್‌ಎ-ಸಿ ಎಂಬ ಗುರುತಿನ ಪ್ರೋಟೀನನ್ನು ಓದಿ, ಅವು ಎಷ್ಟು ಆಳಕ್ಕೆ ಹೋಗಬಹುದೆಂಬುದರಲ್ಲೂ ಪಾತ್ರ ವಹಿಸುತ್ತವೆ. ಬಾಗಿಲು ತೆರೆಯುವವಳೂ ತಡೆಯುವವಳೂ ತಾಯಿಯೇ. ಈ ತಡೆ ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಹಿಂದಿನ ಸಿಸೇರಿಯನ್ನಿನ ಕಲೆಯ ಮೇಲೆ ಮಾಸು ಕುಳಿತಾಗ ನೋಡುತ್ತೇವೆ. ಅಲ್ಲಿ ಡೆಸಿಡುವಾ ಸರಿಯಾಗಿರುವುದಿಲ್ಲವಾದ್ದರಿಂದ ಟ್ರೋಫೋಬ್ಲಾಸ್ಟ್‌ಗಳು ಸ್ನಾಯುವಿನ ಆಳಕ್ಕೆ, ಒಮ್ಮೊಮ್ಮೆ ಮೂತ್ರಕೋಶದ ತನಕವೂ ಹೋಗಿ ಅಂಟಿಕೊಳ್ಳುತ್ತವೆ. ಹೆರಿಗೆಯಾದ ಮೇಲೂ ಮಾಸು ಬಿಡಿಸಿಕೊಳ್ಳದು, ರಕ್ತ ನಿಲ್ಲದು. ದಿನ ತುಂಬಿದಾಗ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ ಎಂಬುದನ್ನು ನೆನೆದರೆ ನಮಗೆ ಇದು ಏಕೆ ದುಃಸ್ವಪ್ನ ಎಂದು ತಿಳಿಯುತ್ತದೆ.

ಇನ್ನು ನಿಮ್ಮ ತಂಗಿಯ ಮಾತ್ರೆ. ಆಸ್ಪಿರಿನ್ ರಕ್ತನಾಳ ಬೆಳೆಸುವ ಔಷಧಿಯಲ್ಲ. ಈ ಸಣ್ಣ ಪ್ರಮಾಣದಲ್ಲಿ ಅದು ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ತಯಾರಿಸುವ ಥ್ರಾಂಬಾಕ್ಸೇನನ್ನು ತಗ್ಗಿಸುತ್ತದೆ. ಥ್ರಾಂಬಾಕ್ಸೇನ್ ನಾಳವನ್ನು ಬಿಗಿಯುವ, ರಕ್ತ ಹೆಪ್ಪುಗಟ್ಟಿಸುವ ವಸ್ತು. ನಾಳಗಳ ಮಾರ್ಪಾಡು ನಡೆಯುತ್ತಿರುವಾಗಲೇ ಶುರುಮಾಡಬೇಕೆಂಬ ಕಾರಣಕ್ಕೆ 16 ವಾರಕ್ಕೆ ಮುಂಚೆ ಕೊಡುತ್ತೇವೆ. ಹೆಚ್ಚು ಅಪಾಯವಿರುವವರಿಗೆ 11ರಿಂದ 14 ವಾರದೊಳಗೆ ಆರಂಭಿಸಿ 36 ವಾರದವರೆಗೆ ರಾತ್ರಿ 150 ಮಿಲಿಗ್ರಾಂ ಕೊಟ್ಟ ಆಸ್ಪ್ರೆ ಎಂಬ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರಲ್ಲಿ 37 ವಾರಕ್ಕೆ ಮುಂಚೆ ಹೆರಿಗೆ ಮಾಡಿಸಬೇಕಾದ ನಂಜು, ಔಷಧಿಯಿಲ್ಲದ ಬರೀ ಗುಳಿಗೆ ಪಡೆದವರಲ್ಲಿ 4.3% ಇದ್ದರೆ ಆಸ್ಪಿರಿನ್ ಪಡೆದವರಲ್ಲಿ 1.6% ಇತ್ತು. ದಿನ ತುಂಬಿದ ಮೇಲೆ ಬರುವ ನಂಜಿನಲ್ಲಿ ಅಂಥ ಇಳಿಕೆ ಕಾಣಲಿಲ್ಲ, ಇದು ನನ್ನ ಮೇಲಿನ ತಕರಾರಿಗೂ ಹೊಂದುತ್ತದೆ. ಡಾಪ್ಲರ್ ತಡೆ ಹೆಚ್ಚಿದೆ ಎಂದರೆ ನಂಜು ಬಂದೇ ಬರುತ್ತದೆ ಎಂದಲ್ಲ. 13 ವಾರದಲ್ಲಿ ಆ ನಾಳಗಳ ಕೆಲಸ ಇನ್ನೂ ನಡೆಯುತ್ತಿದೆ. ಮಾತ್ರೆಯನ್ನು ತಾವಾಗಿ ನಿಲ್ಲಿಸದಿರಲಿ, ಪ್ರತಿ ಭೇಟಿಯಲ್ಲೂ ತಾಯಿ ಕಾರ್ಡಿನಲ್ಲಿ ರಕ್ತದೊತ್ತಡ ಬರೆಸಲಿ. 20 ವಾರದ ನಂತರ ಅದು 140/90 ಮುಟ್ಟಿದರೆ, ಅಥವಾ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮೇಲುಹೊಟ್ಟೆಯ ನೋವು ಕಂಡರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯಬಾರದು.

ಮರುಪ್ರಶ್ನೆ: ಪಿಯು_ಜೀವಶಾಸ್ತ್ರ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ತಂಗಿಗೆ ಕೊನೆಯ ಉತ್ತರವನ್ನು ಓದಿ ಹೇಳಿದೆ. ಆಸ್ಪಿರಿನ್ನಿನಿಂದ ರಕ್ತ ತೆಳುವಾಗಿ ಮಗುವಿಗೆ ಸಾಲದೇ ಹೋಗುತ್ತದೆಂಬ ಹೆದರಿಕೆ ಅವಳಿಗಿತ್ತಂತೆ, ಎರಡು ರಾತ್ರಿ ಮಾತ್ರೆ ನುಂಗಿರಲೇ ಇಲ್ಲ. ಒಂದು ಸಂದೇಹ ಉಳಿದಿದೆ. ಎಸ್‌ಎಫ್‌ಎಲ್‌ಟಿ-1 ಇಷ್ಟು ಉಪದ್ರವ ಕೊಡುವುದಾದರೆ, ಆರೋಗ್ಯವಂತ ಮಾಸೂ ಅದನ್ನು ಏಕೆ ತಯಾರಿಸುತ್ತದೆ? ಮತ್ತು ಅದನ್ನು ರಕ್ತದಲ್ಲಿ ಅಳೆದು ನೋಡಲು ಸಾಧ್ಯವೇ?

ಉತ್ತರ 5: ಅಣು_ಲೆಕ್ಕ

ಮೊದಲಿಗೆ, ಮೇಲಿನ ವೈದ್ಯರ ತಿದ್ದುಪಡಿಯನ್ನು ಒಪ್ಪುತ್ತೇನೆ. “ಸರಳವಾಗಿ ಹೇಳುವುದಾದರೆ” ಎಂದು ಶುರುಮಾಡಿದಾಗಲೇ ನಾನು ಎಡವಿದೆ.

ನಾಳ ಬೆಳೆಸುವ ಸಂದೇಶ ಮಾಸಿನಲ್ಲಿ ಹೇರಳವಾಗಿ ಹುಟ್ಟುತ್ತದೆ. ವಿಇಜಿಎಫ್ ನಾಳಗಳನ್ನು ಬೆಳೆಸುವುದರ ಜೊತೆಗೆ ಸೋರುವಂತೆಯೂ ಮಾಡುತ್ತದೆ, 1983ರಲ್ಲಿ ಅದನ್ನು ಮೊದಲು ಗುರುತಿಸಿದ್ದೇ ಆ ಸೋರಿಸುವ ಗುಣದಿಂದ. ಅಂಥದ್ದು ಕಟ್ಟಿಲ್ಲದೆ ತಾಯಿಯ ಕಡೆಗೆ ಹರಿಯದಂತೆ ಹಿಡಿದಿಡಲು ಗಡಿಯಲ್ಲಿ ಸ್ವಲ್ಪ ಎಸ್‌ಎಫ್‌ಎಲ್‌ಟಿ-1 ಬೇಕಾಗುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ, ನನಗೂ ಅದು ಸಮಂಜಸವೆನಿಸುತ್ತದೆ. ಯಾವ ತೊಂದರೆಯೂ ಇಲ್ಲದ ಬಸಿರಿನಲ್ಲೂ ಕೊನೆಯ ಎರಡು ತಿಂಗಳಲ್ಲಿ ಇದು ತಾನಾಗಿ ಏರಿ, ಪಿಎಲ್‌ಜಿಎಫ್ ಇಳಿಯುತ್ತದೆ. ನಂಜಿನಲ್ಲಿ ಅದೇ ಏರಿಕೆ ಬೇಗ ಮತ್ತು ಹೆಚ್ಚಾಗಿ ಆಗುತ್ತದೆ.

ಅಳೆಯಬಹುದು. ಎರಡನ್ನೂ ತಾಯಿಯ ರಕ್ತದಲ್ಲಿ ಅಳೆದು ಎಸ್‌ಎಫ್‌ಎಲ್‌ಟಿ-1 ಅನ್ನು ಪಿಎಲ್‌ಜಿಎಫ್‌ನಿಂದ ಭಾಗಿಸುತ್ತಾರೆ. ನಂಜಿನ ಸಂಶಯವಿರುವ ಗರ್ಭಿಣಿಯರಲ್ಲಿ ಈ ಅನುಪಾತ 38 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಮುಂದಿನ ಒಂದು ವಾರದಲ್ಲಿ ನಂಜು ಬರದೆಂದು 99%ಕ್ಕೂ ಹೆಚ್ಚು ಖಚಿತವಾಗಿ ಹೇಳಬಹುದೆಂದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು. ಗಮನಿಸಿ, ಅದು ಚೆನ್ನಾಗಿ ಹೇಳುವುದು “ಸದ್ಯಕ್ಕಿಲ್ಲ” ಎಂಬುದನ್ನು. 38ಕ್ಕಿಂತ ಹೆಚ್ಚಿದ್ದ ಮಾತ್ರಕ್ಕೆ ಬಂದೇ ಬರುತ್ತದೆ ಎನ್ನುವಷ್ಟು ಬಲ ಅದಕ್ಕಿಲ್ಲ. ಅದೂ 24 ವಾರ ಕಳೆದು, ಸಂಶಯ ಬಂದವರಿಗಾಗಿ ಇರುವ ಪರೀಕ್ಷೆ. 13 ವಾರದ ನಿಮ್ಮ ತಂಗಿಗೆ ಈಗ ಅದರ ಅಗತ್ಯ ಬೀಳದು.

ಉತ್ತರ 6: ಸ್ಲೈಡು_ನೋಡುವವಳು

ಒಂದು ಸಣ್ಣ ಮಾತು, ತರಗತಿಗಾಗಿ. ಬೋರ್ಡಿನ ಮೇಲೆ ಬರೆಯುವಾಗ ತಾಯಿಯ ರಕ್ತಕ್ಕೆ ಕೆಂಪು, ಮಗುವಿನ ರಕ್ತಕ್ಕೆ ನೀಲಿ ಸೀಮೆಸುಣ್ಣ ಬಳಸಿದರೆ, ಟ್ರೋಫೋಬ್ಲಾಸ್ಟ್ ಪದರಕ್ಕೂ ನೀಲಿಯನ್ನೇ ಬಳಸಿ. ಹಾಗೆ ಬರೆದಾಗ ಕೆಂಪು ನಾಳದ ಗೋಡೆಯೊಳಗೆ ಅಲ್ಲಲ್ಲಿ ನೀಲಿ ಚುಕ್ಕೆಗಳನ್ನು ಇಡಬೇಕಾಗುತ್ತದೆ. ಆ ಚುಕ್ಕೆಗಳೇಕೆ ಎಂದು ಹಿಂದಿನ ಬೆಂಚಿನವಳು ಕೇಳದೆ ಬಿಡುವುದಿಲ್ಲ.